ಬೆಳಗ್ಗೆ ಆರು ಹತ್ತಕ್ಕೆ ಬಂದವಳು

ಮಾಸಾನ್
ನವೆಂಬರ್ ೧೪

ಸೊದಾಮ್‌ಳ ಅಪ್ಪನಿಗೆ,

ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳದೆ ಕಾಗದ ಶುರು ಮಾಡಿ ಅಭ್ಯಾಸವೂ ಇಲ್ಲ. ಚೆನ್ನಾಗಿಯೇ ಇದ್ದೀರಿ ಅಂದುಕೊಳ್ಳುತ್ತೇನೆ. ಫೋನಿನಲ್ಲಿ ಮಾತು ತಿರುಗಿಸುವುದರಲ್ಲಿ ನೀವು ನಿಸ್ಸೀಮರು, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮನೆ ಬಿಟ್ಟ ಮೇಲೆ, ನಾವಿಬ್ಬರೂ ಜೋಡಿ ರಿಯಾಯಿತಿಯಲ್ಲಿ ಸೇರಿದ್ದ ಜಿಮ್ಮಿನಲ್ಲಿ ನನ್ನ ಸದಸ್ಯತ್ವವನ್ನು ಆಗಸ್ಟಿನಲ್ಲೇ ರದ್ದು ಮಾಡಿಸಿದ್ದೆ. ಆದರೂ ಕಾರ್ಡಿನಿಂದ ತಿಂಗಳು ತಿಂಗಳೂ ಹಣ ಹೋಗುತ್ತಲೇ ಇತ್ತು. ಅಂಚೆ ಕಚೇರಿಯ ಮುದ್ರೆ ಹಾಕಿಸಿ ಕಳಿಸುವ ನೋಟಿಸನ್ನು ಮೂರು ಪ್ರತಿ ಬರೆದೆ: ಮ್ಯಾನೇಜರನಿಗೊಂದು, ನನಗೊಂದು, ಸಾಕ್ಷಿಗೆಂದು ಅಂಚೆಯವರಿಗೊಂದು. ಕಳಿಸುವ ಮೊದಲು ಮುಖಾಮುಖಿ ಕೇಳೋಣವೆಂದು ಹೋದೆ.

“ರದ್ದು ಮಾಡ್ಸಿದ್ದು ನಿಜ ಮೇಡಂ. ಆದ್ರೆ ದಿನಾ ಬರ್ತಾನೇ ಇದ್ದೀರಲ್ಲ!” ಎಂದು ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಸಾಲಾಗಿ ನನ್ನ ಹೆಸರು, ಎದುರಿಗೆ ಬೆಳಗ್ಗೆ ಆರು ಹತ್ತು. ರದ್ದಾದ ಹೆಸರನ್ನು ಯಂತ್ರದಲ್ಲಿ ಯಾಕೆ ಉಳಿಸಿಕೊಂಡಿರಿ ಎಂದರೆ ಮತ್ತೆ ಅದೇ ಸಾಲನ್ನು ಬೆರಳಿಟ್ಟು ತೋರಿಸಿದ. ನಾನು ಬಂದೇ ಇಲ್ಲ ಎಂದೆ. “ಹಾಗಾದ್ರೆ ಯಾರೋ ಕಳ್ಳರು. ಕೈಗೆ ಸಿಗ್ಲಿ, ಪೊಲೀಸಿಗೆ ಕೊಟ್ಟು ಫೋಟೋನ ಬಾಗಿಲಿಗೆ ಅಂಟಿಸ್ತೀನಿ,” ಅಂದ.

ಬೆಳಗ್ಗೆ ಅಷ್ಟು ಹೊತ್ತಿಗೆ ಅಲ್ಲಿ ಕೆಲಸದವರು ಯಾರೂ ಇರುವುದಿಲ್ಲ. ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಒತ್ತಿ, ಪರದೆಯ ಮೇಲೆ ಬಂದ ಹೆಸರು ಮುಟ್ಟಿದರೆ ಬಾಗಿಲು ತೆರೆಯುತ್ತದೆ. ನಮ್ಮಿಬ್ಬರ ಅಂಕಿಯೂ ಒಂದೇ. ಮದುವೆಯಾದ ಹೊಸತರಲ್ಲಿ ನೀವೇ ಹಟ ಹಿಡಿದು ಮಾಡಿಸಿದ್ದು. ಅದು ಗೊತ್ತಿದ್ದು, ನನ್ನ ಹೆಸರು ಮುಟ್ಟಿ ಹೆಂಗಸರ ಕಡೆ ಹೋಗುವವಳು ಯಾರು? ಮುಚ್ಚಿಡುವುದೇಕೆ, ನಿಮಗೆ ಇನ್ನೊಬ್ಬಳು ಸಿಕ್ಕಿದ್ದಾಳೆ, ನನ್ನ ಹೆಸರಲ್ಲೇ ಮೆರೆಯುತ್ತಿದ್ದಾಳೆ ಎಂದುಕೊಂಡೆ. ಎರಡು ದಿನ ಅದನ್ನೇ ಮೆಲುಕು ಹಾಕಿದೆ.

ಮೂರನೆಯ ದಿನ ಎದುರಿನ ಅಂಗಡಿಯಲ್ಲಿ ಕಾದು ನಿಂತೆ. ಸರಿಯಾಗಿ ಆರು ಹತ್ತಕ್ಕೆ ಸೋಪಿನ ಬುಟ್ಟಿ ಹಿಡಿದು, ಮಂಡಿ ಒತ್ತಿಕೊಳ್ಳುತ್ತಾ ಮೆಟ್ಟಿಲೇರಿದ್ದು ನಿಮ್ಮಮ್ಮ.

ಹಿಂದೆಯೇ ಹೆಂಗಸರ ಸ್ನಾನದ ಕೋಣೆಯವರೆಗೂ ಓಡಿದೆ. ನನ್ನನ್ನು ಕಂಡು ಅವರಿಗೆ ಎಷ್ಟು ಖುಷಿ! “ನಮ್ಮ ಬೀದೀಲಿ ಎಲ್ರೂ ದುಡ್ಡು ಕೊಟ್ಟು ಹೋಗ್ತಿದ್ದ ಸ್ನಾನದ ಮನೆ ಮುಚ್ಬಿಟ್ರು ಕಣಮ್ಮ. ಇಲ್ಲಿ ಬಿಸಿನೀರಿನ ತೊಟ್ಟಿ ಇದೆ ಅಂತ ಬಂದೆ. ಎಲ್ರೂ ಒತ್ತೋದು ನೋಡಿ ನನ್ನ ನಂಬರ್ ಒತ್ತಿದ್ರೆ ನಿಮ್ಮಿಬ್ರ ಹೆಸರೂ ಬಂತು. ಹೆಂಗಸರದ್ದಲ್ವಾ ಅಂತ ನಿನ್ನ ಹೆಸರು ಮುಟ್ದೆ. ಸೊಸೇದು ಅಂದ್ರೆ ನಂದೂ ತಾನೆ?” ಅವರ ಫೋನಿಗೂ ನೀವು ಅದೇ ಅಂಕಿ ಹಾಕಿಸಿದ್ದು ನನಗೆ ಮರೆತೇ ಹೋಗಿತ್ತು.

“ಸುಗ್ಗಿಯ ಚುಸೊಕ್ ಹಬ್ಬಕ್ಕೂ ಬರೋಕಾಗದಷ್ಟು ಕೆಲಸವಂತಲ್ಲ ನಿಂಗೆ, ಮಗ ಹೇಳ್ದ. ಮೈ ಕಡೆ ನೋಡ್ಕೊ,” ಎಂದರು. ಎಂಟು ತಿಂಗಳಾಯಿತು, ನಾವು ಬೇರೆಯಾದದ್ದನ್ನು ನೀವು ಹೇಳೇ ಇಲ್ಲ! ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಉಜ್ಜುವ ಬಟ್ಟೆ ಕೈಗಿತ್ತು ಬೆನ್ನು ತಿರುಗಿಸಿ ಕೂತರು. “ಕೈ ಎಟುಕದ ಕಡೆ ಒಂಚೂರು ಗಟ್ಟಿಯಾಗಿ ಉಜ್ಜು,” ಅಂದರು. ಉಜ್ಜಿದೆ. ಅಳು ಬಂತು, ಅವರಿಗೆ ಕಾಣಲಿಲ್ಲ.

ಈಗ ನನ್ನ ಅನುಮಾನ ನಿಮ್ಮ ಮೇಲೆ. ಅವರನ್ನು ಅಲ್ಲಿಗೆ ಕಳಿಸಿದ್ದು ನೀವೇ ಅಲ್ಲವೆ? ನನ್ನ ಕಣ್ಣಿಗೆ ಬೀಳಲಿ, ನಾನು ಕರಗಲಿ ಎಂದು? ಹಾಗಿದ್ದರೆ ಆ ಲೆಕ್ಕಾಚಾರ ಬಿಡಿ. ಈ ತಿಂಗಳೊಳಗೆ ನಿಮ್ಮಮ್ಮನಿಗೆ ನಿಜ ಹೇಳಿ.

ಇಂತಿ,
ಸೊದಾಮ್‌ಳ ಅಮ್ಮ
ಯೊನ್‌ಜು

ಮರೆತ ಮಾತು: ನೋಟಿಸ್ ಕಳಿಸಲಿಲ್ಲ. ಕಳ್ಳರನ್ನು ಹಿಡಿಯಲು ಕ್ಯಾಮೆರಾ ನೋಡುತ್ತೇನೆ ಎಂದು ಮ್ಯಾನೇಜರ್ ಹೊರಟಿದ್ದ. ಬಂದವಳು ನಾನೇ, ಮರೆತಿದ್ದೆ ಎಂದು ಬರೆದು ಸಹಿ ಹಾಕಿಕೊಟ್ಟೆ. “ಅರವತ್ತೆರಡು ಸಲ ಬಂದಿದ್ದನ್ನ ಯಾರಾದ್ರೂ ಮರೀತಾರಾ ಮೇಡಂ?” ಎಂದು ನಕ್ಕ. ನಗಲಿ. ಅತ್ತೆಗೆ ನಿಜ ಹೇಳುವ ದಿನ ನನಗೂ ತಿಳಿಸಿ. ಆ ಹೊತ್ತಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತಿರಬೇಕು.