ಗಿರಿಜಾಗೆ ಓದಿ ಹೇಳಿದ ಪುಸ್ತಕಗಳು

ಜನವರಿ ೧೧, ೧೯೮೨ — ಸಂಜೆ

ಪತ್ತೇದಾರಿ ಕಾದಂಬರಿ ಮುಗಿಯಿತು. ಮೊದಲ ಹಾಳೆಯೂ ಇಲ್ಲ, ಕೊನೆಯ ಹಾಳೆಯೂ ಇಲ್ಲ. ಪುಸ್ತಕದ ಹೆಸರೂ ಗೊತ್ತಾಗಲಿಲ್ಲ, ಕೊಲೆ ಮಾಡಿದವನೂ ಗೊತ್ತಾಗಲಿಲ್ಲ. ಲೈಬ್ರರಿ ವೀರಭದ್ರಯ್ಯನವರನ್ನು ಕೇಳಿದೆ. ಅಡುಗೆಭಟ್ಟನೇ ಇರಬೇಕು ಎಂದರು. ಅವರೂ ಓದಿಲ್ಲ, ಸುಮ್ಮನೆ ಅಂದಾಜು. ನನಗೆ ಡಾಕ್ಟರ ಮೇಲೆ ಅನುಮಾನ. ಕಥೆ ಪೂರ್ತಿ ‘ಏನೂ ಆಗಿಲ್ಲ, ಎಲ್ಲಾ ಸರಿಹೋಗುತ್ತೆ’ ಎಂದುಕೊಂಡು ಓಡಾಡುವವನು ಅವನೊಬ್ಬನೇ.

ಮಧ್ಯಾಹ್ನ ಕೊಬ್ಬರಿ ಮಂಡಿಯಿಂದ ಊಟಕ್ಕೆ ಬಂದಾಗ ಗಿರಿಜಾಗೆ ಓದಿ ಹೇಳುವುದು ಈಗ ರೂಢಿ. ಗಂಟಲು ಕೆಟ್ಟಾಗಿನಿಂದ ಅವಳದು ಮಾತು ಕಡಿಮೆ. ಮದುವೆಯಾದಾಗಿನಿಂದ ನನಗೆ ಬಾಯಿ ತೆಗೆಯಲು ಸಂದು ಕೊಟ್ಟವಳಲ್ಲ. ಈಗ ನಾನೇ ಮಾತಾಡಬೇಕು — ಬರುವುದಿಲ್ಲ. ಅದಕ್ಕೇ ಪುಸ್ತಕ.

ಇವತ್ತು ಅರ್ಧ ಲೋಟ ಗಂಜಿ ಇಳಿಯಿತು. ಅದೂ ಅಕ್ಕ ಗದರಿದ ಮೇಲೆ. ಶಿವರುದ್ರಕ್ಕ ಶೆಟ್ಟಿಕೆರೆಯಲ್ಲಿ ತನ್ನ ಮನೆ, ದನ ಎಲ್ಲಾ ಬಿಟ್ಟು ಬಂದು ನಮಗೆ ಬೇಯಿಸಿ ಹಾಕುತ್ತಿದ್ದಾಳೆ. ಮಗಳು ದಾಕ್ಷಾಯಿಣಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸುವುದೂ ಅವಳೇ.

ಜನವರಿ ೨೦

ನಿನ್ನೆ ಬೆಂಗಳೂರು. ಆಸ್ಪತ್ರೆ. ಗಿರಿಜಾನ ಒಳಗೇ ಕೂರಿಸಿ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು. ಇಂಗ್ಲಿಷಿನಲ್ಲಿ ಶುರು ಮಾಡಿದರು, ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. ಅನ್ನನಾಳದಲ್ಲಿ ಗಡ್ಡೆ. ಕ್ಯಾನ್ಸರ್. ಹಬ್ಬಿದೆ. ಮಳೆಗಾಲ ನೋಡುವುದು ಕಷ್ಟ.

ಇವಳಿಗೆ ಹುಣ್ಣು ಎಂದೆ. ಮಾತ್ರೆಯಲ್ಲೇ ವಾಸಿಯಾಗುತ್ತೆ ಎಂದೆ. “ಹಂಗಾ” ಅಂದಳು. ಅಷ್ಟೇ.

ಬಸ್‌ಸ್ಟ್ಯಾಂಡಿನಲ್ಲಿ ಒಂದು ಪುಸ್ತಕ ಕೊಂಡೆ. ಚಿಂತೆ ಬಿಟ್ಟು ಸುಖವಾಗಿ ಬಾಳುವುದರ ಬಗ್ಗೆ. ಚಿಂತೆ ಬಿಡಿ, ಚಿಂತೆ ಬಿಡಿ ಎಂದು ನೂರು ಪುಟ ಬರೆದಿದ್ದಾನೆ. ಬಿಡುವುದು ಹೇಗೆ ಎಂದು ಒಂದು ಪುಟವೂ ಇಲ್ಲ. ಬರೆದವನಿಗೆ ಮದುವೆ ಆಗಿತ್ತೋ ಇಲ್ಲವೋ. ತಿಪಟೂರು ಬರುವವರೆಗೂ ಅದನ್ನೇ ಹಿಡಿದುಕೊಂಡು ಕೂತಿದ್ದೆ. ಇವಳು ನನ್ನ ಭುಜಕ್ಕೆ ತಲೆ ಕೊಟ್ಟು ಮಲಗಿದ್ದಳು. ಅಳು ಬಂತು, ಪುಸ್ತಕ ಅಡ್ಡ ಇತ್ತು.

ಜನವರಿ ೩೦

ಸಾಮಾಜಿಕ ಕಾದಂಬರಿ. ನೋಡದೆ ತಂದದ್ದು ನನ್ನ ತಪ್ಪು. ಅರ್ಧಕ್ಕೆ ಬಂದ ಮೇಲೆ ನಾಯಕಿಗೆ ಕ್ಷಯ. ನಲವತ್ತು ಪುಟ ಸಾಯುತ್ತಾಳೆ. ಕಿಟಕಿ, ಪಾರಿಜಾತ, ಕವಿತೆ. ಒಂದು ಸಲವೂ ವಾಂತಿ ಮಾಡಿಕೊಳ್ಳುವುದಿಲ್ಲ. ಹಾಸಿಗೆ ಒಗೆಯುವವರು ಯಾರು ಅಂತಲೂ ಬರೆದಿಲ್ಲ. ಬರೆದ ಪುಣ್ಯಾತ್ಮ ಕಾಯಿಲೆಯವರ ಹತ್ತಿರ ಒಂದು ರಾತ್ರಿ ಕೂತಿದ್ದರೆ ಸಾಕಿತ್ತು.

ಓದುತ್ತಾ ಓದುತ್ತಾ ನನಗೇ ತಡೆಯಲಿಲ್ಲ. ಮನಸ್ಸಿಗೆ ಬಂದದ್ದು ಸೇರಿಸಿದೆ. ಮದ್ರಾಸಿನಿಂದ ಹೊಸ ಔಷಧಿ ಬಂತು, ಅವಳಿಗೆ ವಾಸಿಯಾಯಿತು, ಗಂಡ ಹೆಂಡತಿ ತೋಟಕ್ಕೆ ಹೋದರು ಎಂದು ಓದಿ ಪುಸ್ತಕ ಮುಚ್ಚಿದೆ. ಇವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

“ಅದು ಪುಸ್ತಕದಲ್ಲಿ ಐತಾ, ನೀವು ಹೇಳಿದ್ದಾ?”

ಪುಸ್ತಕದಲ್ಲೇ ಇದೆ ಎಂದೆ.

ಫೆಬ್ರವರಿ ೬

ಇವತ್ತು ಏನೂ ಓದಲಿಲ್ಲ.

ಬೆಳಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಅಕ್ಕ ಪಾತ್ರೆ ತೊಳೆಯುವುದು ಬಿಟ್ಟು ಬಂದು ಪಕ್ಕದಲ್ಲಿ ನಿಂತಳು. ಎಷ್ಟು ದಿನ ಅಂತ ತಾನು ಇಲ್ಲಿರಲಿ, ತನ್ನ ಮನೆಯೂ ನಡೆಯಬೇಕಲ್ಲ ಎಂದಳು. ನಿಜ. ಅವಳ ಗಂಡ ಎರಡು ಸಲ ಹೇಳಿ ಕಳಿಸಿದ್ದಾರೆ. ಆಮೇಲೆ ದನಿ ತಗ್ಗಿಸಿದಳು.

“ದಬ್ಬೇಘಟ್ಟದಲ್ಲಿ ಒಂದು ಹೆಣ್ಣು ಐತೆ ಕಣಪ್ಪ ತೋಂಟದಾರಿ. ಗಂಡ ಬುಟ್ಟು ಹೋಗವ್ನೆ. ಕೆಲಸಗಾತಿ. ಈಗಲೇ ಅಲ್ಲ, ಆಗೋದು ಆದ್ಮೇಲೆ. ಗಂಡಸು ನೀನು, ಹೆಣ್ಣುಮಗು ಬೇರೆ. ಮನೇಲಿ ಬೇಯ್ಸಿ ಹಾಕಕ್ಕೆ ಒಬ್ರು ಬ್ಯಾಡ್ವಾ?”

ಹೂಂ ಅನ್ನಲಿಲ್ಲ. ಆದರೆ ಬೇಡ ಅಂತಲೂ ಅನ್ನಲಿಲ್ಲ. ಬಾಯಿ ಮುಕ್ಕಳಿಸಿ ಒಳಗೆ ಬಂದೆ. ಒಳಗೆ ಇವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಥೂ, ಎಂಥ ಗಂಡಸು ನಾನು.

ಫೆಬ್ರವರಿ ೮

ಗಿರಿಜಾ ತಾನಾಗಿ ಬಾಯಿ ಬಿಟ್ಟು ಕೇಳಿದಳು — ಲೈಬ್ರರಿಯಲ್ಲಿ ಅಡುಗೆ ಪುಸ್ತಕ ಇದ್ದರೆ ತನ್ನಿ. ಕಥೆ ಸಾಕಂತೆ. ನೀರು ಇಳಿಯುವುದೇ ಕಷ್ಟವಾಗಿರುವವಳಿಗೆ ತಿನ್ನುವ ಆಸೆ. ಕೇಳಿಯಾದರೂ ತೃಪ್ತಿಪಡಲಿ.

ವೀರಭದ್ರಯ್ಯನವರು ಬೀರುವಿನ ಕೆಳಗಿನ ಖಾನೆಯಿಂದ ಒಂದು ತೆಗೆದುಕೊಟ್ಟರು. ಹಸಿರು ರಟ್ಟು. ಬೆಂಗಳೂರಿನ ಯಾರೋ ಮಹಿಳೆ ಬರೆದದ್ದು. ಚಿತ್ರದಲ್ಲಿ ಆಕೆ ಗ್ಯಾಸಿನ ಒಲೆ ಮುಂದೆ ರೇಷ್ಮೆ ಸೀರೆ ಉಟ್ಟು ನಿಂತಿದ್ದಾರೆ.

ಮೊದಲ ಅಭಿಪ್ರಾಯ: ಈ ತಾಯಿಗೆ ತೆಂಗಿನಕಾಯಿ ಕಂಡರೆ ಭಯ. ಹುಳಿಗೆ ಎರಡು ಚಮಚ ತುರಿ, ಪಲ್ಯಕ್ಕೆ ಒಂದು ಚಮಚ, ‘ಬೇಕಿದ್ದರೆ’. ಬೇಕಿದ್ದರೆ ಅಂತೆ! ನಮ್ಮ ಕಡೆ ಬೀಗರಿಗೆ ಹೀಗೆ ಬಡಿಸಿದರೆ ಸಂಬಂಧ ಮುರಿದು ಬೀಳುತ್ತದೆ. ಗಿರಿಜಾ ಬೆರಳು ಆಡಿಸಿದಳು — ಓಳು ಅಂತ. ಅಂದರೆ ಅರ್ಧ ಕಾಯಿ.

ಫೆಬ್ರವರಿ ೧೫

ದಿನಾ ಎರಡು ಅಡುಗೆ. ಓದಿದ್ದನ್ನೇ ಮತ್ತೆ ಓದಿಸುತ್ತಾಳೆ. ಮೊದಲು ಯಾವುದು ಹಾಕಬೇಕು, ಆಮೇಲೆ ಯಾವುದು ಎಂದು ನನ್ನನ್ನೇ ಕೇಳುತ್ತಾಳೆ. ನಾನು ತಪ್ಪಿದರೆ ಮುಖ ಸಿಂಡರಿಸುತ್ತಾಳೆ. ಸ್ಕೂಲು ಬಿಟ್ಟು ಇಷ್ಟು ವರ್ಷದ ಮೇಲೆ ಬಾಯಿಪಾಠ ಒಪ್ಪಿಸುವ ಯೋಗ.

ಪುಸ್ತಕದ ದೊಡ್ಡ ದೋಷ — ‘ಹದಕ್ಕೆ ಬಂದಾಗ ಇಳಿಸಿ’. ಪುಟಕ್ಕೆ ಮೂರು ಸಲ ಇದೇ ಮಾತು. ಹದ ಎಂದರೆ ಏನೆಂದು ಹೇಳುವುದಿಲ್ಲ. ರೇಗಿತು. ಗೊತ್ತಿದ್ದವರಿಗೆ ಪುಸ್ತಕ ಯಾಕೆ, ಗೊತ್ತಿಲ್ಲದವರಿಗೆ ಈ ಪುಸ್ತಕ ಯಾಕೆ ಎಂದೆ. ಇವಳು ಸ್ವಲ್ಪ ನೀರು ಕುಡಿದು, ನಿಧಾನಕ್ಕೆ ಕೇಳಿದಳು.

“ಅಟ್ಟದ ಮೇಲಿನ ಕಾಯಿ ಕೊಬ್ರಿ ಆಗೈತೆ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?”

ಅಲ್ಲಾಡಿಸಿದರೆ ಒಳಗೆ ಉಂಡೆ ಕದಲುವುದು ಕೇಳುತ್ತೆ, ಅದೇನು ಮಹಾ ಎಂದೆ.

“ಒಲೆ ಮ್ಯಾಲಿರೋದೂ ಕೇಳ್ಸುತ್ತೆ ಕಣ್ರೀ. ಕಿವಿ ಕೊಡಬೇಕು.”

ಇಷ್ಟು ಮಾತಾಡಿದ್ದಕ್ಕೇ ಸುಸ್ತಾಗಿ ಸಂಜೆಯವರೆಗೆ ಮಲಗಿದಳು.

ಫೆಬ್ರವರಿ ೨೪

ಅಕ್ಕನನ್ನು ಗಿರಿಜಾನೇ ಊರಿಗೆ ಕಳಿಸಿದಳು. ನಾಲ್ಕು ದಿನ ಮನೆ ನೋಡಿಕೊಂಡು ಬನ್ನಿ ಅತ್ತಿಗೆ, ಇವರು ನೋಡಿಕೊಳ್ಳುತ್ತಾರೆ ಎಂದಳಂತೆ. ಅಕ್ಕನಿಗೂ ಹೋಗುವ ಆಸೆ. ಹೋಗುವಾಗ ಬಾಗಿಲಲ್ಲಿ ನನ್ನನ್ನು ನೋಡಿ, ಹೋಟೆಲಿಂದ ತರಿಸಿಕೋ, ಒಲೆ ಹತ್ತಿರ ಹೋಗಿ ಮನೆ ಸುಟ್ಟುಕೊಳ್ಳಬೇಡ ಎಂದಳು.

ಫೆಬ್ರವರಿ ೨೫

ಚಟ್ನಿ ಮಾಡಲು ಹೋಗಿ ಮಾನ ಹೋಯಿತು.

ಪುಸ್ತಕ ‘ಒಂದು ಒಳ್ಳೆಯ ತೆಂಗಿನಕಾಯಿ’ ಅಂದಿತ್ತು. ಅಟ್ಟ ಹತ್ತಿದೆ. ಹತ್ತಾರು ಕಾಯಿ ಅಲ್ಲಾಡಿಸಿ ನೋಡಿ ಒಂದನ್ನು ಆರಿಸಿದೆ. ಸುಲಿದು ಒಡೆದರೆ ತೊಟ್ಟು ನೀರಿಲ್ಲ, ಒಳಗೆ ಚರ್ಮದ ಹಾಗೆ ಮುಕ್ಕಾಲು ಕೊಬ್ಬರಿ. ಮಂಡಿಗೆ ಯಾವುದು ಒಳ್ಳೆಯದೋ ಅದನ್ನೇ ತಂದಿದ್ದೆ. ಕೈ ಸುಮ್ಮನೆ ಇರಲಿಲ್ಲ, ಅದನ್ನೇ ಒರಳಿಗೆ ಹಾಕಿ ರುಬ್ಬಿದೆ. ಎಣ್ಣೆ ಬಿಟ್ಟುಕೊಂಡಿತು. ದಾಕ್ಷಿ ಬೆರಳಲ್ಲಿ ನೆಕ್ಕಿ, ತಲೆಗೆ ಹಚ್ಚಿಕೊಳ್ಳಬಹುದು ಅಪ್ಪ ಎಂದಳು. ಒಳಗಿನಿಂದ ಗಿರಿಜಾ ನಕ್ಕಿದ್ದು ಕೇಳಿಸಿತು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ನಾನೂ ದಾಕ್ಷಿಯೂ ಬೆನ್ನು ನೀವುತ್ತಾ ಕೂತೆವು. ಆದರೂ ನಕ್ಕಳು. ನಗು ಕೇಳಿ ಎಷ್ಟು ದಿನವಾಗಿತ್ತು.

ಇನ್ನೊಂದು ಅಭಿಪ್ರಾಯ: ‘ಸಣ್ಣ ಉರಿಯಲ್ಲಿಡಿ’ ಎಂದು ಸುಲಭವಾಗಿ ಬರೆದಿದ್ದಾರೆ. ಅವರಿಗೆ ತಿರುಗಿಸಲು ಕೀಲಿ ಇದೆ. ನಮ್ಮದು ತೆಂಗಿನ ಚಿಪ್ಪಿನ ಉರಿ. ಹತ್ತಿದರೆ ಭಗ್ ಎನ್ನುತ್ತದೆ, ಇಲ್ಲದಿದ್ದರೆ ಬರೀ ಹೊಗೆ.

ಮಾರ್ಚ್ ೫

ಪುಸ್ತಕದಲ್ಲಿ ಮುನ್ನೂರು ಅಡುಗೆ. ಮುದ್ದೆ ಇಲ್ಲ. ಒಂದು ಸಾಲೂ ಇಲ್ಲ. ಈ ದೇಶದಲ್ಲಿ ರಾಗಿ ತಿನ್ನುವವರೇ ಇಲ್ಲವೇನೋ. ಗಿರಿಜಾ ಮಂಚದಿಂದಲೇ ಕೈಸನ್ನೆಯಲ್ಲಿ ಕಲಿಸಿದಳು. ಮೊದಲ ದಿನ ಗಂಟು. ಎರಡನೇ ದಿನ ಹಿಟ್ಟು ಹಸಿ. ಇವತ್ತು ದಾಕ್ಷಿ ಪೂರ್ತಿ ಉಂಡಳು. ಮುರಿದು ಸಾರಿನಲ್ಲಿ ಅದ್ದಿ ಗುಳಕ್ಕನೆ ನುಂಗುವುದನ್ನು ಇವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅಕ್ಕ ಇನ್ನೂ ಬಂದಿಲ್ಲ. ಸದ್ಯ ಬರುವುದು ಬೇಡ ಎಂದು ಗಿರಿಜಾನೇ ಕಾಗದ ಬರೆಸಿದ್ದಾಳೆ.

ಮಾರ್ಚ್ ೧೨

ವೀರಭದ್ರಯ್ಯನವರು ತಾವೇ ಹುಡುಕಿ ಇನ್ನೊಂದು ಕೊಟ್ಟರು. ಪ್ರಕೃತಿ ಚಿಕಿತ್ಸೆಯ ಆಹಾರ. ಹಸಿ ತರಕಾರಿ, ಮೊಳಕೆ ಕಾಳು, ಜೇನುತುಪ್ಪ. ‘ಕಾಯಿಲೆ ಎಂಬುದು ನಾಲಿಗೆ ಚಪಲಕ್ಕೆ ಸಿಕ್ಕ ಶಿಕ್ಷೆ’ ಎಂದಿದ್ದಾನೆ. ಎಲ್ಲರಿಗೂ ಬಡಿಸಿ, ಉಳಿದದ್ದು ಉಂಡು ಎದ್ದವಳು ನನ್ನ ಹೆಂಡತಿ. ಯಾವ ಚಪಲ? ಗೋಡೆಗೆ ಎಸೆದೆ. ಬೈಂಡು ಬಿಚ್ಚಿಕೊಂಡಿತು. ದಂಡ ಕಟ್ಟುತ್ತೇನೆ, ಪರವಾಗಿಲ್ಲ.

ಮಾರ್ಚ್ ೨೧ — ಮಧ್ಯಾಹ್ನ ೩

ಮಂಡಿಗೆ ಹೋಗಲಿಲ್ಲ. ಬರೆದಿಡುತ್ತೇನೆ.

ಇವತ್ತು ತಿಳಿಸಾರು, ಪಲ್ಯ, ಮುದ್ದೆ. ಪುಸ್ತಕ ತೆಗೆಯಲೇ ಇಲ್ಲ. ದಾಕ್ಷಿ ಉಂಡು ಆಟಕ್ಕೆ ಹೋದಳು. ಗಿರಿಜಾಗೆ ಸಾರಿನ ತಿಳಿ ಒಂದು ಚಮಚ ಕೊಟ್ಟೆ. ಬಾಯಲ್ಲಿಟ್ಟುಕೊಂಡೇ ಇದ್ದು, ಕಷ್ಟಪಟ್ಟು ನುಂಗಿದಳು. ತಲೆಯಾಡಿಸಿದಳು. ಇನ್ನೊಂದು ಬೇಡ ಎಂದಳು. ಕಿಟಕಿ ಕಡೆ ತೋರಿಸಿದಳು — ಹಿತ್ತಲ ಕಿಟಕಿ.

“ಅವತ್ತು ಅತ್ತಿಗೆ ಹೇಳಿದ್ದು ಕೇಳ್ತು. ತೆಗೆದೇ ಇತ್ತು.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕನದು ಬಾಯಿಮಾತು, ನಿನಗೆ ಹುಣ್ಣು ವಾಸಿಯಾಗುತ್ತೆ, ಏನೇನೋ ಅಂದೆ. ಅವಳು ನನ್ನ ಕೈ ಹಿಡಿದು ಸುಮ್ಮನಾಗಿಸಿದಳು.

“ಸಾಕು ಬುಡಿ. ಆ ಕಥೇಲೂ ವಾಸಿ ಮಾಡಿದ್ರಿ.” ಉಸಿರು ತೆಗೆದುಕೊಂಡಳು. “ನಾನು ಹೋದ್ಮೇಲೆ ಇನ್ನೊಂದು ಆಗಿ. ಬ್ಯಾಡ ಅನ್ನಲ್ಲ. ಅನ್ನಕ್ಕೋಸ್ಕರ ಮಾತ್ರ ಆಗಬ್ಯಾಡಿ. ಬೇಯ್ಸಿ ಹಾಕಕ್ಕೆ ಅಂತ್ಲೇ ಬಂದೋಳು, ನಮ್ಮ ಮಗ ಉಣ್ಣೋ ತುತ್ತು ಎಣಿಸ್ತಾಳೆ.”

ದಾಕ್ಷಿಯನ್ನು ಅವಳು ಮಗ ಎಂದೇ ಕರೆಯುವುದು.

ಅಡುಗೆ ಪುಸ್ತಕ ತರಿಸಿದ್ದು ಬಾಯಿರುಚಿಗೆ ಎಂದುಕೊಂಡಿದ್ದೆ. ದಿನಾ ಮಧ್ಯಾಹ್ನ ಹೊಟ್ಟೆಯಲ್ಲಿ ಏನೂ ಇಲ್ಲದೆ, ಸಾಂಬಾರು, ಹೋಳಿಗೆ, ಪಾಯಸ ಎಂದು ನನ್ನ ಬಾಯಿಂದ ಕೇಳಿಸಿಕೊಂಡು ಮಲಗಿದ್ದಳು. ಎಷ್ಟು ಹಿಂಸೆಯಾಗಿರಬೇಕು. ನಾನು ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ.

ಅವಳ ಮುಂದೆಯೇ ಅತ್ತುಬಿಟ್ಟೆ. ಮೊದಲ ಸಲ. ಅವಳು ಅಳಲಿಲ್ಲ. ಒಲೆ ಮೇಲೆ ಹಾಲಿದೆ, ನೋಡಿ ಹೋಗಿ ಎಂದಳು.

ಮೇ ೪

ಗಿರಿಜಾ ಹೋದ ಹನ್ನೊಂದನೇ ದಿನ. ಶಿವಗಣಾರಾಧನೆ ಮುಗಿಯಿತು. ನೆಂಟರೆಲ್ಲಾ ಹೋದರು. ಅಕ್ಕ ಇದ್ದಾಳೆ. ಏನೂ ಓದಿಲ್ಲ.

ಮೇ ೧೯

ಅಕ್ಕ ಸೋಮವಾರ ಶೆಟ್ಟಿಕೆರೆಗೆ ಹೋದಳು. ದಾಕ್ಷಿಗೆ ಜಡೆ ಹಾಕಿದೆ. ಒಂದು ಮೇಲೆ, ಒಂದು ಕೆಳಗೆ. ಅವಳು ಕನ್ನಡಿ ನೋಡಿ, ಹಾಗೇ ಆಟಕ್ಕೆ ಹೊರಟಳು. ಗಿರಿಜಾ ಜಡೆಗೆ ಪುಸ್ತಕ ತರಿಸಲಿಲ್ಲ.

ಜೂನ್ ೧೩ — ಭಾನುವಾರ

ಅಕ್ಕ ಬಂದಳು. ಜೊತೆಯಲ್ಲಿ ದಬ್ಬೇಘಟ್ಟದ ಹೆಣ್ಣಿನ ಅಣ್ಣ. ಹೇಳದೆ ಕೇಳದೆ. ಒಳ್ಳೆಯ ಮನುಷ್ಯನ ಹಾಗೆ ಕಂಡರು. ಮಾತಾಡುವಾಗ ನೆಲ ನೋಡುತ್ತಿದ್ದರು. ತಂಗಿಗೆ ಏನೂ ಬೇಡವಂತೆ, ಒಂದು ಆಸರೆ ಆದರೆ ಸಾಕಂತೆ. ಅಡುಗೆ ಚೆನ್ನಾಗಿ ಮಾಡುತ್ತಾಳೆ ಎಂದು ಎರಡು ಸಲ ಹೇಳಿದರು. ನನಗೆ ಆ ಹೆಣ್ಣುಮಗಳ ಬಗ್ಗೆ ಅಯ್ಯೋ ಅನ್ನಿಸಿತು. ಅವಳೂ ಯಾರದೋ ಒಲೆ ಮುಂದೆ ಕೂರುವುದಕ್ಕೆ ಎರಡು ಬಸ್ಸು ಹತ್ತಿ ಬರಬೇಕು.

ಅಕ್ಕ ಒಳಗೆ ಹೋಗಿ ಒಲೆ ಹಚ್ಚಲು ನೋಡಿದರೆ ಅಡುಗೆ ಆಗಿತ್ತು. ಎಲೆ ಹಾಕಿ ನಾನೇ ಬಡಿಸಿದೆ. ಸೊಪ್ಪಿನ ಸಾರು, ಮುದ್ದೆ, ಅನ್ನ. ಉಪ್ಪು ಒಂದು ಕಲ್ಲು ಜಾಸ್ತಿ. ಆತ ಸಾರು ಎರಡನೇ ಸಲ ಹಾಕಿಸಿಕೊಂಡರು. ಅಕ್ಕ ಮಾತ್ರ ಎಲೆ ಮುಂದೆ ಕೂತು ಕಣ್ಣೊರೆಸಿಕೊಂಡಳು. ಗಂಡಸು ಎಷ್ಟು ದಿನ ಸೌಟು ಹಿಡಿಯುತ್ತಾನೆ ಎಂದಳು. ದಾಕ್ಷಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಈ ಮಾತು ಬ್ಯಾಡ ಅಕ್ಕ. ಇನ್ನೊಂದ್ಸಲ ಎತ್ತಬ್ಯಾಡ. ನಮ್ಮಿಬ್ರಿಗೂ ಊಟ ಆಗ್ತಾ ಐತೆ” ಎಂದೆ.

ದಾಕ್ಷಿ ತಲೆ ಬಗ್ಗಿಸಿ ಉಣ್ಣತೊಡಗಿದಳು. ಆತ ಕೈ ತೊಳೆದು, ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡರು. ಬೇಜಾರೋ ಸಮಾಧಾನವೋ ತಿಳಿಯಲಿಲ್ಲ. ನನಗೂ ಹಾಗೇ ಇದೆ. ರಾತ್ರಿಗಳು ಉದ್ದ. ಮುಂದೆ ಯಾವತ್ತಾದರೂ ಬೇರೆ ಮನಸ್ಸು ಬರಬಹುದು, ಗೊತ್ತಿಲ್ಲ. ಇವತ್ತು ಬೇಡ ಎಂದೆ, ಅಷ್ಟೇ.

ಜೂನ್ ೧೪ — ಸಂಜೆ

ಹಸಿರು ರಟ್ಟಿನ ಪುಸ್ತಕ ನಾಳೆ ವಾಪಸು ಕೊಡಬೇಕು. ವೀರಭದ್ರಯ್ಯನವರು ಪಾಪ, ಇಷ್ಟು ದಿನ ಕೇಳಲೇ ಇಲ್ಲ. ಕೊಡುವ ಮೊದಲು ಕೊನೆಯ ಅಭಿಪ್ರಾಯ ಬರೆಯುತ್ತೇನೆ.

ಕಾಯಿ ಕಡಿಮೆ. ಮುದ್ದೆ ಇಲ್ಲ. ಸಕ್ಕರೆ ಜಾಸ್ತಿ. ಸಾರಿನ ಪುಡಿ ಪರವಾಗಿಲ್ಲ. ಇನ್ನೊಂದು ಇವತ್ತು ಕಣ್ಣಿಗೆ ಬಿತ್ತು — ಪ್ರತಿ ಅಡುಗೆಯ ಕೆಳಗೂ ಸಣ್ಣಕ್ಷರದಲ್ಲಿ ‘ನಾಲ್ಕು ಜನಕ್ಕೆ’ ಎಂದಿದೆ. ಮುನ್ನೂರು ಅಡುಗೆಯೂ ನಾಲ್ಕು ಜನಕ್ಕೇ. ಮೊದಲ ಪುಟದಿಂದ ಹುಡುಕಿದೆ. ಇಬ್ಬರಿಗೆ ಮಾಡುವುದು ಹೇಗೆ ಎಂದು ಎಲ್ಲೂ ಇಲ್ಲ. ಗಿರಿಜಾನ ಕೇಳಬೇಕಿತ್ತು. ಎಲ್ಲಾ ಕೇಳಿದೆ, ಇದೊಂದು ಕೇಳಲು ಬಾಯಿ ಬರಲಿಲ್ಲ. ಅಳತೆ ಮಾಡಿ ಹಾಕಿದರೂ ದಿನಾ ಉಳಿಯುತ್ತದೆ. ಉಳಿದದ್ದನ್ನು ಏನು ಮಾಡಬೇಕು ಅಂತ—

ದಾಕ್ಷಿ ಕೂಗುತ್ತಿದ್ದಾಳೆ. ಅನ್ನ ಉಕ್ಕಿ