ಕರಿಯ ಬೊಗಳಿದಾಗ

ಅಕ್ಕಾ,

ಊಟ ಮುಚ್ಚಿಟ್ಟಿದ್ದೀನಿ, ತಿಂದೇ ಹೊರಡು. ನಿನ್ನ ಸ್ವೆಟರ್ ಇನ್ನೂ ಒದ್ದೆ ಇದೆ, ಹಾಗೇ ಚೀಲಕ್ಕೆ ತುರುಕಬೇಡ.

ಬೀದಿನಾಯಿಗೂ ನಮ್ಮ ಗುರುತು ಹತ್ತಿ, ನಮ್ಮನ್ನ ನೋಡಿ ಬೊಗಳೋದು ಬಿಟ್ಟರೆ ಆ ಊರು ಬಿಡಬೇಕು ಅನ್ನೋದು ನಿನ್ನ ಲೆಕ್ಕ. ಇಷ್ಟು ವರ್ಷ ಹಾಗೇ ಊರೂರು ಅಲೆದ್ವಿ. ಈ ಬೀದಿಯ ಕರಿಯ ದಿನಾ ನನ್ನನ್ನ ಮೂಲೆಯ ಹೊಲಿಗೆ ಅಂಗಡಿವರೆಗೂ ಬಿಟ್ಟು ಬರ್ತಾನೆ ಅಂತ ನಿನಗೆ ಗೊತ್ತಾಗಿದ್ದೇ ತಡ, ನೀನು ಇಬ್ಬರ ಬಟ್ಟೆನೂ ಮಡಚಿಟ್ಟೆ. ನನ್ನದನ್ನ ವಾಪಸ್ ಬೀರುಗೆ ಹಾಕಿದ್ದೀನಿ. ಈ ಸಲ ನಾನು ಬರಲ್ಲ. ನನಗೆ ಸಾಕಾಗಿದೆ ಅಕ್ಕಾ.

ಬೀಗದ ಕೈ ಪಕ್ಕದ ಮನೆಯವರಿಗೆ ಕೊಡು. ಅಂಗಡಿ ಹತ್ತಿರ ಬರಬೇಡ, ನಿನ್ನ ಮುಖ ನೋಡಿದರೆ ನಾನೂ ಹೊರಟುಬಿಡ್ತೀನಿ.

ಫೋನೂ ಬೇಡ. ನಿನ್ನನ್ನ ಕಂಡರೆ ಕರಿಯ ಇವತ್ತಿಗೂ ಬೊಗಳ್ತಾನೆ. ನೀನು ಹೊರಟಿದ್ದು ನನಗೆ ಅಂಗಡಿಗೇ ಕೇಳಿಸುತ್ತೆ.