ನ್ಯೂರೆಂಬರ್ಗ್ ಟವರ್ ಸಿಗದ ಹತ್ತು ನಿಮಿಷ

ರೇಗನ್ಸ್‌ಬರ್ಗ್, ಮಂಗಳವಾರ

ಪೂಜ್ಯ ಅತ್ತೆಯವರಿಗೆ,

ಕೆಳಗೆ ಸಹಿ ಮಾಡಿರುವ ನಾನು ಒಪ್ಪಿಕೊಳ್ಳುವುದೇನೆಂದರೆ, ವಿಮಾನದಲ್ಲಿ ನೀವು ಹೆದರಿದಿರೆಂದು ನಿಮ್ಮ ಮಗಳು ಹರಿಪ್ರಿಯಾಗೆ ನಾನು ಹೇಳಿದ್ದು ಶುದ್ಧ ಸುಳ್ಳು.

ಭಾನುವಾರ ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನದಲ್ಲಿ ನಿಮ್ಮನ್ನು ಕೂರಿಸಿಕೊಂಡು ಹೊರಟವನು, ನ್ಯೂರೆಂಬರ್ಗ್ ವಿಮಾನ ನಿಲ್ದಾಣದ ಟವರಿನ ರೇಡಿಯೋ ಫ್ರೀಕ್ವೆನ್ಸಿಯ ಎರಡು ಅಂಕಿ ಹಿಂದುಮುಂದು ಮಾಡಿ, ಹತ್ತು ನಿಮಿಷ ಗಿರಕಿ ಹೊಡೆಯುತ್ತಾ ಒಳಬರಲು ಅನುಮತಿ ಕೇಳಿದೆ. ಆಕಾಶದಲ್ಲೇ ಇದ್ದರೂ ಆಕಾಶವಾಣಿಯಾಗಲಿಲ್ಲ. "ಭಾನುವಾರ ಅಲ್ವಾ, ಇಲ್ಲಿ ಎಲ್ಲಾ ಬಂದ್" ಎಂದೆ. ಮೂವತ್ತು ವರ್ಷ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ನೀವು ನನ್ನ ತೊಡೆಯ ಮೇಲಿದ್ದ ಫ್ರೀಕ್ವೆನ್ಸಿ ಹಾಳೆ ನೋಡಿ, "ಅಳಿಯಂದಿರೇ, ರಾಂಗ್ ನಂಬರು. ಮೂರಾದ್ಮೇಲೆ ಐದು" ಎಂದಿರಿ.

ಊಟದ ಹೊತ್ತಿಗೆ ಕಥೆ ಬೇರೆಯಾಯಿತು. "ನಿಮ್ಮಮ್ಮ ನಡುಗ್ತಿದ್ರು, ನಾನೇ ಕೈ ಹಿಡ್ಕೊಂಡು ಧೈರ್ಯ ಹೇಳ್ದೆ" ಎಂದುಬಿಟ್ಟೆ. ನೀವು ಸಾರು ಬಡಿಸುತ್ತಾ ಸುಮ್ಮನೆ ನಕ್ಕಿರಿ. ಆ ನಗು ಈಗಲೂ ಚುಚ್ಚುತ್ತಿದೆ. ನಿಮ್ಮನ್ನು ಇನ್ನು ವಿಮಾನ ಹತ್ತಿಸಬಾರದೆಂದು ಹರಿಪ್ರಿಯಾ ಕಟ್ಟಪ್ಪಣೆ ಮಾಡಿದ್ದಾಳೆ.

ಶನಿವಾರ ನೀವು ಫ್ರಾಂಕ್‌ಫರ್ಟಿನ ನಾದಿನಿ ಮನೆಯಿಂದ ವಾಪಸ್ ಬಂದಾಗ, ಈ ಪತ್ರವನ್ನು ನೀವೇ ಹರಿಪ್ರಿಯಾಗೆ ಓದಿ ಹೇಳಿ. ನನಗೆ ಬಾಯಿ ಬರುತ್ತಿಲ್ಲ. ನಿಮ್ಮ ಕೈ ಹಿಡಿದದ್ದು ನಿಜ. ಆದರೆ ನಡುಗುತ್ತಿದ್ದ ಕೈ ನನ್ನದು. ರೇಡಿಯೋ ಗುಂಡಿ ತಿರುಗಿಸಿ ಟವರ್ ಹಿಡಿದುಕೊಟ್ಟದ್ದು ನಿಮ್ಮ ಇನ್ನೊಂದು ಕೈ.

ನಿಮ್ಮ ಅಳಿಯ,
ಅಶ್ವಿನ್